ಅಕ್ಕನ ಅಳತೆಯ ಗ್ಯಾರೇಜು

ನಮ್ಮ ಅಡ್ಡರಸ್ತೆಯಲ್ಲಿ ಅವರಷ್ಟು ಎತ್ತರದ ಮನುಷ್ಯ ಇನ್ನೊಬ್ಬರಿರಲಿಲ್ಲ. ಅವರ ಗ್ಯಾರೇಜಿನಷ್ಟು ಗಿಡ್ಡ ಕೋಣೆಯೂ ಇನ್ನೊಂದಿರಲಿಲ್ಲ. ಇವೆರಡೂ ಒಂದೇ ಮನೆ ನಂಬರಿನಲ್ಲಿ ಹೇಗೆ ಸೇರಿದವೆಂಬುದನ್ನು ಬರೆದಿಡುವುದು ಎದುರುಮನೆಯವನಾದ ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಅವರು ಹೋಗಿ ತಿಂಗಳಾಯಿತು. ನಮ್ಮ ಕೊಡಿಗೇಹಳ್ಳಿಯಲ್ಲಿ ಒಂದು ಮನೆ ಕೆಡವಿದರೆ ಅಲ್ಲಿ ಮೊದಲು ಏನಿತ್ತೆಂಬುದು ಮುಂದಿನ ಯುಗಾದಿಗೆ ಯಾರಿಗೂ ನೆನಪಿರುವುದಿಲ್ಲ. ಮನುಷ್ಯರ ವಿಷಯದಲ್ಲಿ ಅಷ್ಟು ಕಾಲವೂ ಬೇಕಾಗುವುದಿಲ್ಲ.

ಹೆಸರು ಬರೆಯುವುದಿಲ್ಲ. ಬರೆಯಲೇ ಎಂದು ಅವರ ಅಕ್ಕನನ್ನು ಕೇಳಿದ್ದೆ. “ಬ್ಯಾಡ್ರಿ ಸರ. ಹೆಸರು ಹಿಡದು ಕರದ್ರ ಓ ಅಂತ ಬರಾಂವ. ಈಗ ಯಾಕ ಕರೀತೀರಿ?” ಎಂದರು. ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ಬಹುಕಾಲ ಕನ್ನಡ ಪಾಠ ಹೇಳಿದವನು ನಾನು. ಉತ್ತರವಿಲ್ಲದ ಪ್ರಶ್ನೆ ಬಂದಾಗ ಮುಂದಿನ ಪುಟ ತಿರುಗಿಸುವುದು ಅಭ್ಯಾಸವಾಗಿದೆ.

ಅವರು ಗದಗದ ಕಡೆಯವರು. ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಅಲ್ಲಿ ಅವರ ಉದ್ಯೋಗವೇನೆಂದರೆ, ಬೇರೆಯವರು ಮಾಡಿದ್ದನ್ನು ಅಳೆದು ನೋಡಿ ಸರಿಯಿಲ್ಲವೆಂದು ವಾಪಸು ಕಳಿಸುವುದು. ಜಗತ್ತಿನಲ್ಲಿ ಇದಕ್ಕಿಂತ ಹಿತವಾದ ನೌಕರಿ ಇರಲಾರದು ಎಂದು ನಾನು ಹೊಟ್ಟೆಕಿಚ್ಚುಪಟ್ಟದ್ದುಂಟು. ನೌಕರಿಯ ಕಾಲವೆಲ್ಲ ಬೆಂಗಳೂರಿನಲ್ಲಿದ್ದರೂ ಈ ಊರು ಅವರ ಮಾತಿನ ಮೇಲೆ ಒಂದು ಗೀರು ಸಹ ಎಳೆದಿರಲಿಲ್ಲ. ಯಾವುದನ್ನೇ ಆಗಲಿ ಬೆರಳಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಆಮೇಲೆ ಅಭಿಪ್ರಾಯ ಹೇಳುತ್ತಿದ್ದರು. ಕುರ್ಚಿಯನ್ನು ತಟ್ಟದೆ ಕೂರುತ್ತಿರಲಿಲ್ಲ. ಮದುವೆಮನೆಯಲ್ಲಿ ಮಂಟಪದ ಕಂಬ ತಟ್ಟಿ ಹೆಣ್ಣಿನ ತಂದೆಯನ್ನು ಗಾಬರಿಪಡಿಸಿದ್ದರು. ಒಮ್ಮೆ ನನಗೆ ವಾರಗಟ್ಟಲೆ ಕೆಮ್ಮು ಬಿಡದಿದ್ದಾಗ, ಬಂದು ನನ್ನ ಬೆನ್ನನ್ನೂ ತಟ್ಟಿ ನೋಡಿ, “ಒಳಗ ಏನೂ ಟೊಳ್ಳಿಲ್ರೀ ಸರ, ಆರಾಮ ಆಗ್ತೀರಿ” ಎಂದು ಪಾಸು ಮಾಡಿ ಹೋದರು. ಆರಾಮಾಯಿತು. ಡಾಕ್ಟರು ಆ ಕೀರ್ತಿ ತಮ್ಮದೆಂದುಕೊಂಡಿದ್ದಾರೆ.

ಮದುವೆಯಾಗಿರಲಿಲ್ಲ. ಅಕ್ಕನೂ ಆಗಿರಲಿಲ್ಲ. ಏಕೆಂದು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಅಷ್ಟರಮಟ್ಟಿಗೆ ನಮ್ಮ ನೆರೆಹೊರೆ ಸುಸಂಸ್ಕೃತವಾಗಿತ್ತು. ಅಕ್ಕ ಆರ್.ಟಿ. ನಗರದ ಶಾಲೆಯೊಂದರಲ್ಲಿ ಹಿಂದಿ ಕಲಿಸುತ್ತಿದ್ದವರು. ತಮ್ಮ ತಾಳೆಮರವಾದರೆ ಅಕ್ಕ ತುಳಸೀಕಟ್ಟೆ. ಇಬ್ಬರೂ ಮಹಡಿಯ ಮೇಲಿದ್ದರು, ಕೆಳಗಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಅದರ ಪಕ್ಕದಲ್ಲಿ, ಬೀದಿಗೆ ಮುಖ ಮಾಡಿ, ಮುಂದೆಂದೋ ಬರಲಿರುವ ಕಾರಿಗಾಗಿ ಕಟ್ಟಿಸಿದ ಗ್ಯಾರೇಜು. ಕಾರು ಬರಲಿಲ್ಲ. ಅಲ್ಲೊಂದು ಸ್ಕೂಟರು, ಮತ್ತು ‘ಎಂದಾದರೂ ಬೇಕಾದೀತು’ ಎಂಬ ವರ್ಗಕ್ಕೆ ಸೇರಿದ ಸಕಲ ವಸ್ತುಗಳೂ ವಾಸವಾಗಿದ್ದವು.

ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಎಲ್ಲವೂ ಬದಲಾಯಿತು. ಆಪರೇಷನ್ ಆಯಿತು. ಗಾಲಿಕುರ್ಚಿಯಲ್ಲಿ ಕೂರಬಹುದು, ಹಿಡಿದುಕೊಂಡು ನಾಲ್ಕು ಹೆಜ್ಜೆ ಹಾಕಬಹುದು, ಮೆಟ್ಟಿಲು ಮಾತ್ರ ಮರೆತುಬಿಡಿ ಎಂದರು ಆಸ್ಪತ್ರೆಯವರು. ಒಮ್ಮೆ ತಪಾಸಣೆಗೆಂದು ನಾಲ್ಕು ಜನ ಕುರ್ಚಿ ಸಮೇತ ಎತ್ತಿ ಇಳಿಸಿದೆವು. ಕೆಳಗೆ ಬಂದ ಕೂಡಲೇ ಅಕ್ಕ ಘೋಷಿಸಿದರು: “ನಾ ಏನ್ ಉತ್ಸವಮೂರ್ತಿ ಅಲ್ಲ, ನಾಕ ಮಂದಿ ಹೆಗಲ ಮ್ಯಾಲ ಮೆರಿಯಾಕ. ಇನ್ನೊಮ್ಮೆ ಹಿಂಗ ಎತ್ತೀರಂದ್ರ ನೋಡ್ರಿ.” ಹಾಗಾಗಿ ಒಂದು ವರ್ಷ ಮೇಲೆಯೇ ಉಳಿದರು. ತರಕಾರಿಯವನಿಗೆ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುವರು. ಅವನು ತುಂಬಿದ್ದು ಮೇಲೆ ಬರುವುದು. ಮೆತ್ತಗಿನ ಟೊಮೇಟೊ ಎಲ್ಲ ತಮ್ಮ ಬುಟ್ಟಿಗೇ ಬರುತ್ತದೆಂಬುದು ಅವರ ದೃಢವಾದ ಆರೋಪ.

ಒಂದು ಸಂಜೆ ನಾನು ಅಲ್ಲಿದ್ದಾಗಲೇ ತಮ್ಮನಿಗೆ ಹೇಳಿದರು: “ತಮ್ಮಾ, ನನ್ನ ಕೆಳಗ ಇಳಸೋ. ಮಂದಿ ಹೆಗಲಮ್ಯಾಲ ಅಲ್ಲ. ನೆಲದ ಮ್ಯಾಲ ಇರಬೇಕು ನಾ. ಆ ಮೂಲಿ ತನಕಾ ಒಮ್ಮೆ ಹೋಗಿ ಬಂದ್ರ ಸಾಕು, ಮತ್ತೇನೂ ಕೇಳೂದಿಲ್ಲ.”

ಮೂಲೆಯೆಂದರೆ ನಮ್ಮ ಅಡ್ಡರಸ್ತೆ ಮುಖ್ಯರಸ್ತೆಗೆ ಸೇರುವ ಜಾಗ. ಒಬ್ಬ ಹೂವಿನಾಕೆ, ಒಂದು ಬೇಕರಿ, ಬಸ್‌ಸ್ಟಾಪು. ಕಾಶಿ ರಾಮೇಶ್ವರಗಳ ಪಟ್ಟಿಯಲ್ಲಿ ಅದಿಲ್ಲ.

“ಕರಕೊಂಡ ಹೋಗ್ತೀನಿ” ಎಂದರು ತಮ್ಮ. ಅಷ್ಟೇ.

ಬಾಡಿಗೆಯವರನ್ನು ಬಿಡಿಸಿ ಕೆಳಗಿನ ಮನೆಗೇ ಬರಬಹುದಲ್ಲ ಎಂದು ನಾನು ಸಲಹೆ ಕೊಟ್ಟೆ. ಸಲಹೆ ಕೊಡುವುದು ನನಗೆ ಎಂದೂ ಕಷ್ಟವಾಗಿಲ್ಲ. ಅವರು ಬೇಡವೆಂದು ತಲೆಯಾಡಿಸಿದರು. “ಕೆಳಗಿನ ಭಾಯಿ ಮನ್ಯಾಗ ಎರಡು ಹುಡುಗ್ಯಾರು ಪರೀಕ್ಷಾಕ್ಕ ಓದಾಕತ್ತಾವ. ನಮ್ಮ ಅಕ್ಕಗ ಜಾಗಾ ಮಾಡಾಕ ಮತ್ತೊಬ್ಬರ ಅಕ್ಕ-ತಂಗೀನ್ನ ಹೊರಗ ಹಾಕೂದೇನ್ರಿ? ಅಲ್ಲದ ಆ ಬಾಡಿಗೀನ ಅಕ್ಕನ ಕಾಲಿಗೆ ಎಣ್ಣಿ, ಔಷಧ. ಇಲ್ರಿ, ಗ್ಯಾರೇಜ್ ಅದ. ಅದನ್ನಽ ಖೋಲಿ ಮಾಡೂಣು.”

ಕಾಂಟ್ರಾಕ್ಟರನೊಬ್ಬ ಬಂದ. ಮೊಬೈಲಿನಲ್ಲಿ ಫೋಟೋ ಹೊಡೆದ. ಮರುದಿನ ತಂದ ಖರ್ಚಿನ ಅಂದಾಜನ್ನು ನೋಡಿ ಇವರು ಅವನಿಗೆ ಒಂದು ಲೋಟ ನೀರು ಕೊಟ್ಟು, ತಾವೂ ಒಂದು ಲೋಟ ಕುಡಿದು, ಗೇಟಿನ ತನಕ ಬಿಟ್ಟುಬಂದರು. ಅಂದಿನಿಂದ ಶುರುವಾಯಿತು ಅವರ ತೀರ್ಥಯಾತ್ರೆ.

ಎಲ್ಲಿ ಹಳೆಯ ಮನೆ ಕೆಡವುತ್ತಿದ್ದಾರೆಂದು ಸುದ್ದಿ ಬಂದರೂ, ಜೆಸಿಬಿ ಬರುವ ಮುಂಚೆ ಅಲ್ಲಿ ಹಾಜರು. “ಸರ, ಬರ್ರಿ, ಗಂಗಾನಗರದಾಗ ಒಂದು ಮನಿ ಹೊಂಟೈತಿ” ಎಂದು ನನ್ನನ್ನೂ ಎಬ್ಬಿಸಿಕೊಂಡು ಹೋಗುವರು. ಆಸ್ಪತ್ರೆಯಲ್ಲಿ ಕೊನೆಯುಸಿರೆಳೆಯುವವರನ್ನು ನೋಡಲು ಹೊರಟ ಗಾಂಭೀರ್ಯವೇ ಅವರ ಮುಖದಲ್ಲಿರುತ್ತಿತ್ತು. ಸ್ಕೂಟರಿನ ಹಿಂದೆ ಕುಳಿತು ನಾನು ಎರಡು ಕಪಾಟಿನ ಬಾಗಿಲು, ಒಂದು ವಾಶ್‌ಬೇಸಿನ್ನು ಮತ್ತು ಯಾರದೋ ಪೂಜೆಕೋಣೆಯ ಗಂಟೆಗಳಿರುವ ಬಾಗಿಲನ್ನು ತಬ್ಬಿಕೊಂಡು ಹೆಬ್ಬಾಳದ ಫ್ಲೈಓವರ್ ದಾಟಿದ್ದೇನೆ. ಸಿಗ್ನಲಿನಲ್ಲಿ ಪಕ್ಕದ ಆಟೋದವನು, “ಏನ್ ಗುರು, ದೇವಸ್ಥಾನ ಶಿಫ್ಟಾ?” ಎಂದಿದ್ದ.

ಕಿಟಕಿ ಸಿಕ್ಕಿದ್ದು ಆರ್.ಟಿ. ನಗರದಲ್ಲಿ. ಕೆಡವುವವರ ಮೇಲಾಳು ಕಿಟಕಿಯನ್ನು ಹೊಗಳಿದ: “ಪ್ಯೂರ್ ತೇಗ ಅಂಕಲ್. ಇಂಥದ್ದು ಈಗೆಲ್ಲಿ ಬರುತ್ತೆ?”

ಇವರು ತಟ್ಟಿದರು. ಕೇಳಿಸಿಕೊಂಡರು. “ಮತ್ತಿ ಕಟ್ಟಿಗಿ ಇದು” ಎಂದರು.

“ಸರಿ, ಮತ್ತಿನೇ ಅಂತಿಟ್ಕೊಳ್ಳಿ. ನಿಮ್ಗೆ ಬೇಕಾ ಬೇಡ್ವಾ?”

“ಬೇಕು. ಆದ್ರ ತೇಗ ಅಂತ ಹೇಳಿ ಕೊಡಬ್ಯಾಡ. ಮತ್ತಿ ಅಂತ ಹೇಳಿ ಕೊಡು.”

ಮೇಲಾಳು ಕೈ ಮುಗಿದು ಮತ್ತಿಯೆಂದೇ ಹೇಳಿ ಕೊಟ್ಟ. ಮನೆಗೆ ಬಂದಿಳಿಯುತ್ತಿದ್ದ ಇವನ್ನೆಲ್ಲ ಮಹಡಿಯ ಬಾಲ್ಕನಿಯಿಂದ ನೋಡುತ್ತಿದ್ದ ಅಕ್ಕನ ವ್ಯಾಖ್ಯಾನ: “ನೋಡ್ರಿ ಸರ, ಸತ್ತ ಮನಿಗೋಳ ಹಲ್ಲು ಆರಿಸ್ಕೊಂಡು ಬರಾಕತ್ತಾನ ನಮ್ಮ ತಮ್ಮ!”

ನೆಲಕ್ಕೆ ಹಾಕಲು ನಾನಾ ಮನೆಗಳಲ್ಲಿ ಮಿಕ್ಕ ಟೈಲ್ಸು ಕೂಡಿತು. ಇಲ್ಲಿ ಯಾರದೋ ನಡುಮನೆ, ಅಲ್ಲಿ ಯಾರದೋ ಬಚ್ಚಲು, ಗೋಡೆಯಂಚಿಗೆ ಯಾರದೋ ಬ್ಯೂಟಿಪಾರ್ಲರು. ಆದರೆ ನೆಲವೆಂದರೆ ಬರೀ ಟೈಲ್ಸಲ್ಲ. ನಮ್ಮ ರಸ್ತೆಗೆ ಡಾಂಬರು ಹಾಕುವಾಗ ಹಳೆಯದನ್ನು ಕೆರೆಯುವ ಪದ್ಧತಿಯಿಲ್ಲ. ಹಳೆಯದರ ಮೇಲೆ ಹೊಸದು, ಅದರ ಮೇಲೆ ಇನ್ನೊಂದು, ಶಾಸನಗಳ ಹಾಗೆ. ರಸ್ತೆ ಏರಿದಂತೆ ಮನೆಗಳು ಇಳಿಯುತ್ತ ಬಂದಿದ್ದವು. ಜೋರು ಮಳೆ ಬಂದರೆ ರಸ್ತೆಯ ನೀರೆಲ್ಲ ಗ್ಯಾರೇಜಿಗೆ ದಯಮಾಡಿಸುತ್ತಿತ್ತು. ಆದ್ದರಿಂದ ನೆಲವನ್ನು ಎತ್ತರಿಸಬೇಕಾಯಿತು. ಕೆಡವಿದ ಮನೆಗಳ ಇಟ್ಟಿಗೆಚೂರು, ಮಣ್ಣು, ಗಾರೆ ಎಲ್ಲ ಬಿಟ್ಟಿಯಾಗಿ ಬಂತು.

ಎಷ್ಟು ಎತ್ತರಿಸಬೇಕೆಂದು ಮೇಸ್ತ್ರಿ ಕೇಳಿದ. ಹೆಸರಘಟ್ಟದ ಕಡೆಯ ಹಳ್ಳಿಯವನು, ಮಾತು ಕಡಿಮೆ.

“ಈಗಿನ ರಸ್ತಿ ಹಿಡದು ಮಾಡಬ್ಯಾಡೋ” ಎಂದರು ಇವರು. “ಇನ್ನೂ ಎರಡು ಮೂರು ಸಲ ಡಾಂಬರು ಹಾಕ್ತಾರ. ಆ ರಸ್ತೀನೂ ಹಿಡದು ಮಾಡು.”

ಎಂದರೆ ಇನ್ನೂ ಹುಟ್ಟದ ರಸ್ತೆಗಳ ಮೇಲೆ ಒಂದು ಗೇಣು. ಮಣ್ಣು ತುಂಬಿದಂತೆಲ್ಲ ಅವರು ಅಕ್ಕನ ಗಾಲಿಕುರ್ಚಿಯನ್ನು ಕೆಳಗಿಳಿಸಿಕೊಂಡು, ತಾವೇ ಅದರಲ್ಲಿ ಕುಳಿತು, ಗ್ಯಾರೇಜಿನೊಳಗೆ ಉರುಳಾಡಿ ಪರೀಕ್ಷೆ ಮಾಡಿದರು. ಕಾಲು ಮಡಚಿ, ಮೈ ಕುಗ್ಗಿಸಿ, ಅಕ್ಕನಷ್ಟೇ ಆಗುವ ತನಕ ಕುಗ್ಗಿ. ಸ್ವಿಚ್ಚು ಕೈಗೆ ನಿಲುಕುತ್ತದೆಯೇ, ಕಿಟಕಿಯಿಂದ ತರಕಾರಿಗಾಡಿ ಕಾಣುತ್ತದೆಯೇ, ನೀರಿನ ಚೊಂಬು ಎಲ್ಲಿರಬೇಕು, ಎಲ್ಲಕ್ಕೂ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ. ನಾನು ಹೋದಾಗಲೆಲ್ಲ ಅವರು ಕುರ್ಚಿಯಲ್ಲೇ ಇದ್ದರು. ಟೈಲ್ಸು ಬಿದ್ದು, ಗಾರೆ ಬಿಗಿದು, ಕೆಲಸ ಮುಗಿಯಿತೆಂದಾದ ದಿನ, ತೃಪ್ತರಾಗಿ ಕುರ್ಚಿಯಿಂದ ಎದ್ದು ನಿಂತರು.

ಆ ಸದ್ದು ನಮ್ಮ ಮನೆಗೆ ಕೇಳಿಸಿತು.

ಹೋಗಿ ನೋಡಿದರೆ ತಲೆ ಹಿಡಿದುಕೊಂಡು ನೆಲದ ಮೇಲೆ ಕುಳಿತಿದ್ದಾರೆ. ತಲೆಯ ಮೇಲಿನ ತೊಲೆ ನಿರ್ವಿಕಾರವಾಗಿದೆ. ಮೇಸ್ತ್ರಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದ. “ಇಂಗಾಯ್ತದೆ ಅಂತ ನಂಗೊತ್ತಿತ್ತು ಸಾ.”

“ಗೊತ್ತಿದ್ರ ಬಾಯಿ ಬಿಟ್ಟು ಹೇಳಬಾರದೇನೋ?”

“ನೀವು ಅಷ್ಟೊಂದು ಅಳತೆ ಇಡ್ದು ಮಾಡ್ತಿದ್ರಲ್ಲ. ದೊಡ್ಡೋರು, ಎಲ್ಲಾ ಲೆಕ್ಕ ಆಕವ್ರೆ ಅಂದ್ಕೊಂಡೆ.”

ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಪರರ ಕೆಲಸವನ್ನು ವಾಪಸು ಕಳಿಸುತ್ತಿದ್ದ ಮನುಷ್ಯ ತನ್ನ ಕೋಣೆಯ ಅಳತೆಯಲ್ಲಿ ತನ್ನನ್ನೇ ಬಿಟ್ಟಿದ್ದ. ನೆಲ ಅಗೆದು ಮಣ್ಣು ತೆಗೆಸೋಣವೆಂದೆ. ಅವರು ಬೆರಳಗೆಣ್ಣಿನಿಂದ ತೊಲೆಯನ್ನು ತಟ್ಟಿ ನೋಡಿದರು. ತಲೆಗೇನೂ ಆಗಿಲ್ಲವೆಂದು ಗೊತ್ತಾದ ಮೇಲೆ ತೊಲೆಗೇನಾದರೂ ಆಯಿತೇ ಎಂಬ ಕಾಳಜಿಯಿರಬೇಕು. “ಬ್ಯಾಡ್ರಿ. ಅಕ್ಕಗ ಬರೋಬ್ಬರಿ ಐತಿ. ನಾ ಬಗ್ಗತೀನಿ.”

ಸುದ್ದಿ ಮೇಲೆ ಹೋಯಿತು. ಬಿದ್ದಂದಿನಿಂದ ನಗದಿದ್ದ ಅಕ್ಕ ಅಂದು ಬಾಲ್ಕನಿಯಲ್ಲಿ ನಕ್ಕ ನಗೆಗೆ ಕೆಳಗಿನ ಮನೆಯ ಹುಡುಗಿಯರು ಪುಸ್ತಕ ಬಿಟ್ಟು ಹೊರಗೆ ಬಂದರು. “ಫ್ಯಾಕ್ಟರಿ ಮ್ಯಾನೇಜರಗ ಬಗ್ಗಲಿಲ್ಲ, ನಮ್ಮಪ್ಪಗ ಬಗ್ಗಲಿಲ್ಲ. ಈಗ ತೊಲಿಗೆ ಬಗ್ಗತಾನಂತ! ಬಗ್ಗಲಿ, ಬಗ್ಗಲಿ!”

ಕೊನೆಯ ಸಲವೆಂದು ಮಾತು ಕೊಟ್ಟು ಉತ್ಸವಮೂರ್ತಿಯನ್ನು ಎತ್ತಿ ಇಳಿಸಿದೆವು. ಮೆಟ್ಟಿಲ ಕಡೆಯ ಪಕ್ಕದ ಬಾಗಿಲಿನಿಂದ ಕೋಣೆಗೆ ಸೇರಿಸಿದೆವು. ಶಟರ್ ಇದ್ದ ಜಾಗದಲ್ಲಿ ಗೋಡೆ, ಗೋಡೆಯಲ್ಲಿ ಆ ಮತ್ತಿಯ ಕಿಟಕಿ, ಕಿಟಕಿಗೆ ಅಕ್ಕನ ಹಳೆಯ ಸೀರೆಯ ಪರದೆ. ಹೊರಗೆ, ಗಾಲಿಕುರ್ಚಿ ಗೇಟಿನ ತನಕ ಇಳಿಯಲು ಸಿಮೆಂಟಿನ ಇಳಿಜಾರು. ಬರುವ ಭಾನುವಾರ ಮೂಲೆಯ ತನಕ ಹೋಗುವುದೆಂದು ನಿಶ್ಚಯವಾಯಿತು.

ಶುಕ್ರವಾರ ಪೈಪು ಹಾಕುವವರು ಬಂದು ರಸ್ತೆ ಅಗೆದರು.

ಆಮೇಲೆ ಗುಂಡಿ ಮುಚ್ಚಿ, ಜಲ್ಲಿ ಸುರಿದು, ಡಾಂಬರು ನಾಳೆ ಎಂದು ಹೋದವರು ಇಂದಿಗೂ ಬಂದಿಲ್ಲ. ಮುಂದಿನ ಮೂರು ಡಾಂಬರುಗಳಿಗೆ ಲೆಕ್ಕ ಹಾಕಿಟ್ಟಿದ್ದ ಮನುಷ್ಯನಿಗೆ ಒಂದೂ ದಕ್ಕಲಿಲ್ಲ. ಆ ಜಲ್ಲಿಯಲ್ಲಿ ನಾವೇ ಎಡವುತ್ತಿದ್ದೆವು. ಗಾಲಿ ಉರುಳುವ ಮಾತೇ ಇರಲಿಲ್ಲ.

ಆದರೂ ಅದು ಒಳ್ಳೆಯ ಕಾಲ. ತರಕಾರಿಯವನು ಗಾಡಿಯನ್ನು ಹೇಗೋ ಎಳೆದುಕೊಂಡು ಗೇಟಿನ ಬಳಿ ನಿಲ್ಲಿಸುವನು. ಅಕ್ಕ ಇಳಿಜಾರಿನಲ್ಲಿ ಬಂದು ಒಂದೊಂದೇ ಟೊಮೇಟೊ ಹಿಡಿದು ವಿಚಾರಣೆ ನಡೆಸುವರು. “ಹಿಂಡ್ಬೇಡಿ ಟೀಚರಮ್ಮಾ, ಅದೇನ್ ನಿಂಬೆಹಣ್ಣಾ?” “ಒಂದು ವರ್ಷ ನೀ ನನ್ನ ಹಿಂಡಿಯಲ್ಲೋ, ಈಗ ಸುಮ್ಮನಿರು.” ಅವರೆಕಾಯಿಯ ಕಾಲದಲ್ಲಿ ಬೀದಿಯ ಹೆಂಗಸರೆಲ್ಲ ಅಲ್ಲಿ ಕೂತು ಕಾಳು ಬಿಡಿಸಿದರು. ಮೇಲಿನ ಮನೆಗೆ ಬೀಗ ಬಿತ್ತು. ತಮ್ಮನೂ ಕೆಳಗೇ ಮಂಚ ಹಾಕಿಕೊಂಡರು. ದಿನಾ ಬೆಳಿಗ್ಗೆ ಮೂಲೆಯ ತನಕ ಹೋಗಿ ಬಂದು ಅಲ್ಲಿಯ ವರದಿ ಒಪ್ಪಿಸುವರು. ಹೂವಿನಾಕೆ ಇಂದು ಬಂದಿಲ್ಲ, ಬೇಕರಿಗೆ ಹೊಸ ಬಣ್ಣ.

“ಯಾವ ಬಣ್ಣ?”

“ಹಳದಿ.”

“ನಿಂಬಿ ಹಳದಿಯೋ, ಅರಿಷಿಣ ಹಳದಿಯೋ?”

ತಮ್ಮ ಮತ್ತೊಮ್ಮೆ ಹೋಗಿ ನೋಡಿ ಬರುವರು. ಪ್ರತಿ ವರದಿಯ ಕೊನೆಗೆ, “ರಸ್ತಿ ಒಂದು ಆಗಲಿ ಅಕ್ಕಾ, ಕರಕೊಂಡ ಹೋಗ್ತೀನಿ.”

ಈ ನಡುವೆ ಅವರು ಬೀದಿಯಲ್ಲೂ ಬಗ್ಗಿ ನಡೆಯತೊಡಗಿದ್ದರು. ಒಳಗೆ ಇಡೀ ದಿನ ಬಗ್ಗಿದ ಬೆನ್ನಿಗೆ ಹೊರಗೆ ಬಂದ ಮೇಲೆ ಆಕಾಶವಿದೆಯೆಂಬುದು ತಿಳಿಯುತ್ತಿರಲಿಲ್ಲವೇನೋ. ನಮ್ಮ ಬೀದಿಯ ಅತಿ ಎತ್ತರದ ಮನುಷ್ಯ ನನ್ನ ಎತ್ತರಕ್ಕೆ ಬಂದಿದ್ದರು. ನಾನು ತಮಾಷೆ ಮಾಡಿದೆ. “ಬಗ್ಗಿದ್ರ ಅಕ್ಕನ ಮುಖಾ ಹತ್ತಿರ ಕಾಣತೈತ್ರಿ” ಎಂದರು. ಆಮೇಲೆ ನಾನು ತಮಾಷೆ ಮಾಡಲಿಲ್ಲ.

ಒಂದು ಬೆಳಿಗ್ಗೆ ಚಹಾ ಮಾಡಿ ಅಕ್ಕನಿಗೆ ಕೊಟ್ಟು, ಬೆನ್ನು ಯಾಕೋ ಹಿಡಕೊಂಡಂಗ ಆಗೇತಿ ಎಂದು ಮಂಚದ ಮೇಲೆ ಕುಳಿತರಂತೆ. ಅಕ್ಕ ಕೂಗಿದ್ದು ಕೇಳಿ ನಾನೂ ಕೆಳಗಿನ ಮನೆಯ ಭಾಯಿಯೂ ಓಡಿದೆವು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು.

ಇಳಿಹೊತ್ತಿಗೆ ಗದಗದಿಂದ ಚಿಕ್ಕಪ್ಪನ ಮಗನೊಬ್ಬ ಬಂದ. ಸ್ಮಶಾನಕ್ಕೆ ಒಯ್ಯುವ ವ್ಯಾನು ಗೇಟಿನೆದುರು ಜಲ್ಲಿಯ ಮೇಲೆ ನಿಂತಿತು. ಹೊರಡುವ ಹೊತ್ತಿಗೆ ಅಕ್ಕ ಗಾಲಿಕುರ್ಚಿಯನ್ನು ತಾವೇ ಉರುಳಿಸಿಕೊಂಡು ಇಳಿಜಾರಿನ ತುದಿಗೆ ಬಂದರು. “ನಾನೂ ಬರ್ತೀನಿ. ಮೂಲಿ ತನಕಾ.”

ಚಿಕ್ಕಪ್ಪನ ಮಗ ಮೆಲ್ಲಗೆ ಹೇಳಿದ, “ಹೆಣ್ಮಕ್ಕಳು ಬರಬಾರದಬೇ ಅಕ್ಕಾ.”

“ಅಂವ ಕರಕೊಂಡ ಹೋಗ್ತೀನಿ ಅಂದಾನ. ಮಾತು ಕೊಟ್ಟಾನ. ಇವತ್ತ ಹೋಗಲಿಲ್ಲಂದ್ರ ಇನ್ಯಾವತ್ತ ಕರಕೊಂಡ ಹೋಗಾಂವ?”

ಜಲ್ಲಿಯನ್ನು ನೋಡಿದೆವು, ಗಾಲಿಗಳನ್ನು ನೋಡಿದೆವು. ಸಾವಿನ ಸುದ್ದಿ ಕೇಳಿ ಬಂದಿದ್ದ ಮೇಸ್ತ್ರಿ ಪಕ್ಕದ ರಸ್ತೆಯಲ್ಲಿ ನಡೆಯುತ್ತಿದ್ದ ತನ್ನ ಕೆಲಸದ ಜಾಗಕ್ಕೆ ಓಡಿ, ಆಳುಗಳೊಡನೆ ಸೆಂಟ್ರಿಂಗ್ ಹಲಗೆಗಳನ್ನು ಹೊತ್ತು ತಂದ. ಗೇಟಿನೆದುರು ಹಲಗೆ ಹಾಸಿದರು. ಕುರ್ಚಿ ಅದರ ಮೇಲೆ ಬಂತು. ಮುಂದೆ ಇನ್ನೊಂದು ಹಲಗೆ. ಕುರ್ಚಿ ದಾಟಿದ ಮೇಲೆ ಹಿಂದಿನದನ್ನು ಎತ್ತಿ ಮತ್ತೆ ಮುಂದಕ್ಕೆ. ವ್ಯಾನಿನವನು ಒಂದೊಂದು ಹಲಗೆಗೂ ಕಾದು, ಅಷ್ಟಷ್ಟೇ ಮುಂದೆ ಹೋದ. ಭಾಯಿಯ ಹೆಣ್ಣುಮಕ್ಕಳಿಬ್ಬರೂ ಗಾಲಿಯ ಅಕ್ಕಪಕ್ಕ. ಕುರ್ಚಿ ನೂಕುತ್ತಿದ್ದವನು ನಾನು. ಅಕ್ಕ ವ್ಯಾನಿನ ಹಿಂದಿನ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ, ಅಳಲೂ ಇಲ್ಲ.

ಮೂಲೆಯಲ್ಲಿ ವ್ಯಾನು ನಿಂತಿತು. ಬಾಗಿಲು ತೆಗೆಸಿ, ಅಕ್ಕ ಕೈ ಚಾಚಿ ತಮ್ಮನ ಪಾದವನ್ನು ಹಿಡಿದುಕೊಂಡರು. ಬಹಳ ಹೊತ್ತು. ಆಮೇಲೆ ಬಿಟ್ಟರು. ವ್ಯಾನು ಹೆಬ್ಬಾಳದ ಕಡೆ ತಿರುಗಿತು. ಅದರೊಡನೆ ಹೋಗಬೇಕಾಗಿದ್ದ ನಾನು ಹೋಗಲಿಲ್ಲ. ಅಕ್ಕನನ್ನು ಹಿಂದಕ್ಕೆ ಕರೆತರುವವರು ಬೇಕಿತ್ತು. ಅಕ್ಕ ಬೇಕರಿಯನ್ನು ನೋಡಿದರು. ಬಸ್‌ಸ್ಟಾಪನ್ನು ನೋಡಿದರು. ಹೂವಿನಾಕೆ ಎದ್ದು ನಿಂತು ಕೈಮುಗಿದಳು. “ನಡ್ರಿ ಸರ” ಎಂದರು ಅಕ್ಕ.

ಮತ್ತೆ ಹಲಗೆಯ ಮುಂದೆ ಹಲಗೆ. ವಾಪಸು ಬರುವಾಗ ಒಂದೊಂದು ಮನೆಯ ಮುಂದೆಯೂ ಕೇಳಿದರು: ಇದು ಯಾರದು, ಇಲ್ಲಿದ್ದ ಹಂಚಿನ ಮನಿ ಎಲ್ಲಿ ಹೋತು, ಈ ಅಪಾರ್ಟ್‌ಮೆಂಟು ಯಾವಾಗ ಬಂತು. ನನಗೆ ತಿಳಿದಷ್ಟು ಹೇಳಿದೆ. ಕೊನೆಗೆ ಅವರದೇ ಮನೆಯೆದುರು ಬಂದೆವು. “ತಡೀರಿ” ಎಂದರು.

ಆಗ ಹೊಳೆಯಿತು: ಆ ಕೋಣೆಯನ್ನು ಅಕ್ಕ ಬೀದಿಯ ಕಡೆಯಿಂದ ಎಂದೂ ನೋಡಿರಲಿಲ್ಲ. ಮೆಟ್ಟಿಲಿಂದ ನೇರ ಒಳಗೆ ಹೋದವರು; ಗೇಟಿನ ತನಕ ಬಂದಾಗಲೂ ಅದು ಬೆನ್ನ ಹಿಂದೆ. ಈಗ ನಡುರಸ್ತೆಯಲ್ಲಿ ಕುಳಿತು, ಕುತ್ತಿಗೆ ಎತ್ತಿ, ಗೋಡೆಯಿಂದ ಗೋಡೆಗೆ ನೋಡಿದರು.

“ಕಿಡಕಿ ಸೊಟ್ಟ ಕುಂದರ್ಸ್ಯಾನಲ್ರೀ ಸರ.”

ನೋಡಿದೆ. ಎಡಗಡೆಗೆ ಒಂದು ಬೆರಳಷ್ಟು ಇಳಿದಿತ್ತು. ದಿನಾ ಅದರ ಮುಂದೆ ಓಡಾಡಿದ ನನಗೆ ಕಂಡಿರಲಿಲ್ಲ. ಹಲಗೆ ಹಿಡಿದು ನಿಂತಿದ್ದ ಮೇಸ್ತ್ರಿ ತಲೆ ತಗ್ಗಿಸಿದ. “ಅದ್ ನಾನ್ ಕೂರ್ಸಿದ್ದಲ್ಲ ತಾಯಿ. ನಾನ್ ರಜಾ ಆಕಿದ್ದ ದಿನ ಸಾ ಅವ್ರೇ ಕೂರ್ಸ್‌ಬುಟ್ರು. ನಾನ್ ಬಂದು ನೋಡ್ದೆ, ಸೊಟ್ಟ ಐತೆ ಅಂತ ಏಳೋಕ್ ಮನಸ್ ಬರ್ನಿಲ್ಲ.”

“ಸೊಟ್ಟ ಕುಂದರ್ಸ್ಯಾನ” ಎಂದರು ಅಕ್ಕ ಮತ್ತೊಮ್ಮೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು.

ಸ್ವಲ್ಪ ಹೊತ್ತಾದ ಮೇಲೆ, ಒಳಗೆ ಕರೆದುಕೊಂಡು ಹೋಗಲೇ ಎಂದು ಕೇಳಿದೆ. ಬೇಡವೆಂದು ಕೈಯಾಡಿಸಿದರು. ಎರಡೂ ಕಡೆ ಬೈಕುಗಳು ಬಂದು ನಿಂತವು. ಯಾರೂ ಹಾರ್ನ್ ಮಾಡಲಿಲ್ಲ.